ಬಾಕಿ ಉಳಿದ ಎರಡು ವಿಷಯ

ಭಾನುವಾರ ಬಂತೆಂದರೆ ನಮ್ಮ ವಾಟ್ಸನ್‌ವಿಲ್‌ನಲ್ಲಿ ಜನ ಎರಡು ಕಡೆ ಸೇರುತ್ತಾರೆ. ಒಂದು ಇಗರ್ಜಿ, ಇನ್ನೊಂದು ಬಟ್ಟೆ ಒಗೆಯುವ ಮಷೀನುಗಳ ಅಂಗಡಿ. ಇಗರ್ಜಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರಬೇಕು. ಹಾಗಾಗಿ ಊರಿನ ಸುದ್ದಿಯೆಲ್ಲ ಎರಡನೆಯ ಕಡೆಗೇ ಬರುತ್ತದೆ. ವಾರವಿಡೀ ಸ್ಟ್ರಾಬೆರಿ ಸಾಲುಗಳಲ್ಲಿ ಬಗ್ಗಿ ಬಗ್ಗಿ ಮಣ್ಣಾದ ಪ್ಯಾಂಟು, ಹಣ್ಣಿನ ಕಲೆ ಹಿಡಿದ ಅಂಗಿ, ಬಿಸಿಲಿಗೆ ಮುಖಕ್ಕೆ ಸುತ್ತಿಕೊಂಡ ವಸ್ತ್ರ, ಎಲ್ಲವೂ ಗಿರಗಿರ ತಿರುಗುತ್ತಿರುತ್ತವೆ. ಹೆಂಗಸರು ಎದುರಿನ ಬೆಂಚಿನ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ವಾರದಲ್ಲಿ ಅವರು ಕಾಲು ಚಾಚುವುದು ಅದೊಂದೇ ಹೊತ್ತು.

ಲುಸೇರೊಗೆ ಮಾತ್ರ ಆ ಹೊತ್ತೂ ಇಲ್ಲ.

"ಲಿಸೆನ್ಸಿಯಾದಾ, ಇದೊಂದು ಸ್ವಲ್ಪ ನೋಡಮ್ಮ. ಆಸ್ಪತ್ರೆಯಿಂದ ಬಂದಿದೆ."

"ಲಿಸೆನ್ಸಿಯಾದಾ, ಮನೆ ಮಾಲೀಕ ಏನೋ ಬಾಗಿಲಿಗೆ ಅಂಟಿಸಿ ಹೋಗಿದಾನೆ. ಬಿಡು ಅಂತಾನೋ, ಇರು ಅಂತಾನೋ?"

ಲಿಸೆನ್ಸಿಯಾದಾ ಎಂದರೆ ಪದವಿ ಪಡೆದವಳು. ನಮ್ಮ ಹಿರಿಯರು ಓದಿದವರನ್ನು ಹೆಸರು ಹಿಡಿದು ಕೂಗುವುದಿಲ್ಲ, ಹೀಗೇ ಕರೆಯುತ್ತಾರೆ. ಅದೊಂದು ಮರ್ಯಾದೆ. ನಾವು ಮೆಕ್ಸಿಕೋ ಬಿಟ್ಟು ಬರುವಾಗ ಬಿಡದೆ ತಂದ ಅಭ್ಯಾಸ. ಲುಸೇರೊ ಬರಾಹಾಸ್‌ಗೆ ಇಪ್ಪತ್ತೆಂಟು ವರ್ಷ. ಆರು ವರ್ಷದಿಂದ ಇಡೀ ಬೀದಿಯ ಇಂಗ್ಲಿಷ್ ಕಾಗದಗಳನ್ನು ಅವಳೇ ಒಡೆದು, ಓದಿ, ಅರ್ಥ ಹೇಳಿ, ಉತ್ತರ ಬರೆದು ಕೊಡುತ್ತಿದ್ದಾಳೆ. ಒಬ್ಬರಿಗೂ ಇಲ್ಲ ಎಂದವಳಲ್ಲ. ಆದರೆ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ಅವಳು ಕಾಗದದಿಂದ ಕಣ್ಣೆತ್ತುತ್ತಿರಲಿಲ್ಲ.

ಯಾಕೆಂದರೆ ಅವಳು ಪದವಿ ಪಡೆದಿರಲೇ ಇಲ್ಲ.

ಇದು ಹೇಗಾಯಿತು ಅಂದರೆ, ಹೀಗೆ. ಕಾಲೇಜಿನ ಕೊನೆಯ ವರ್ಷ ಅವಳಪ್ಪ ನಬೋರ್ ಹೊಲದಲ್ಲಿ ಪೆಟ್ಟಿಗೆ ಎತ್ತುವಾಗ ಬೆನ್ನು ಹಿಡಿದು ಬಿದ್ದುಬಿಟ್ಟ. ಡಾಕ್ಟರಿಗೆ ಸ್ಪ್ಯಾನಿಷ್ ಬಾರದು, ಅಪ್ಪನಿಗೆ ಇಂಗ್ಲಿಷ್ ಬಾರದು. ನಡುವೆ ಮಾತಾಡಲು ಲುಸೇರೊ ಬೇಕು. ಇವತ್ತು ಎಕ್ಸ್‌ರೇ, ನಾಳೆ ಕಂಪನಿಯ ಆಫೀಸು, ಮರುದಿನ ಬೆನ್ನಿಗೆ ವ್ಯಾಯಾಮ. ತರಗತಿ ತಪ್ಪಿತು, ಪ್ರಯೋಗಾಲಯ ತಪ್ಪಿತು. ಕೊನೆಗೆ ಎರಡು ವಿಷಯ ಉಳಿದುಹೋದವು. ಒಂದು ಸಂಖ್ಯಾಶಾಸ್ತ್ರ, ಇನ್ನೊಂದು ಜೀವಶಾಸ್ತ್ರದ ಪ್ರಯೋಗ. ಅವಳ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಒಂದೆರಡು ವಿಷಯ ಬಾಕಿ ಇದ್ದವರೂ ಘಟಿಕೋತ್ಸವದ ದಿನ ನಿಲುವಂಗಿ ಹಾಕಿಕೊಂಡು ವೇದಿಕೆ ಹತ್ತಬಹುದು, ಬಾಕಿಯನ್ನು ಆಮೇಲೆ ಮುಗಿಸಬಹುದು. ಅಷ್ಟರಲ್ಲಿ ಮನೆಯಲ್ಲಿ ಔತಣಕ್ಕೆ ಆಡು ಗೊತ್ತುಮಾಡಿ ಆಗಿತ್ತು. ಫ್ರೆಸ್ನೋದಿಂದ ನೆಂಟರು ಹೊರಟಾಗಿತ್ತು. ಅವಳು ವೇದಿಕೆ ಹತ್ತಿದಳು, ಕೈಕುಲುಕಿದಳು, ಪದವಿ ಪತ್ರ ಇಡುವ ದಪ್ಪ ರಟ್ಟಿನ ಹೊದಿಕೆಯೊಂದನ್ನು ಇಸಿದುಕೊಂಡು ಇಳಿದಳು. ಹೊದಿಕೆಯ ಒಳಗೆ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಫೋಟೊ. ಅದೂ ನಮ್ಮಲ್ಲಿ ಈಗೀಗ ಬಂದ ಪದ್ಧತಿಯೇ. ಸ್ಟ್ರಾಬೆರಿ ಸಾಲುಗಳ ನಡುವೆ ಕಪ್ಪು ನಿಲುವಂಗಿಯಲ್ಲಿ ಮಗಳು. ಒಂದು ಪಕ್ಕ ಕೆಲಸದ ಬಟ್ಟೆಯಲ್ಲೇ ಅಮ್ಮ ಎಲೋಡಿಯಾ, ಇನ್ನೊಂದು ಪಕ್ಕ ಬೆನ್ನಿಗೆ ಪಟ್ಟಿ ಬಿಗಿದ ಅಪ್ಪ. ಆ ಫೋಟೊ ದೊಡ್ಡದಾಗಿ ಗೋಡೆಗೆ ಏರಿತು. ಪಕ್ಕದಲ್ಲೇ ನಮ್ಮವರೆಲ್ಲ ನಂಬುವ ಗ್ವಾದಲೂಪೆ ಮಾತೆಯ ಪಟ. ಮಾತೆಯ ಕಾಲ ಬುಡದಲ್ಲಿ ಆ ರಟ್ಟಿನ ಹೊದಿಕೆ.

ಬರುವ ಸೆಪ್ಟೆಂಬರಿನಲ್ಲಿ ಮುಗಿಸಿಬಿಡೋಣ ಅಂದುಕೊಂಡಳು. ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಆಪರೇಷನ್. ಜನವರಿಯಲ್ಲಿ ನೋಡೋಣ ಅಂದುಕೊಂಡಳು. ಜನವರಿಯ ಹೊತ್ತಿಗೆ ಊರೆಲ್ಲ ಲಿಸೆನ್ಸಿಯಾದಾ ಅನ್ನತೊಡಗಿತ್ತು. ಇನ್ನು ಯಾವ ಮುಖ ಇಟ್ಟುಕೊಂಡು ಪುಸ್ತಕದ ಚೀಲ ಹೆಗಲಿಗೆ ಹಾಕುವುದು? ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು. ಕಾಲೇಜಿನಿಂದ ವರ್ಷಕ್ಕೊಂದು ಲಕೋಟೆ ಬರುತ್ತಿತ್ತು. ಬೀದಿಯವರ ಲಕೋಟೆಯನ್ನೆಲ್ಲ ಒಡೆಯುವ ಹುಡುಗಿ ತನ್ನದನ್ನು ಮಾತ್ರ ಒಡೆಯದೆ ಕಾಲುಚೀಲಗಳ ಅಡಿಗೆ ತಳ್ಳುತ್ತಿದ್ದಳು.

ಹೀಗಿರುವಾಗ ಆಗಸ್ಟಿನ ಒಂದು ಭಾನುವಾರ ಅಂಗಡಿಯಲ್ಲಿ ಸೋಪಿನ ಪುಡಿಯ ಡಬ್ಬಿಗಳ ಪಕ್ಕ ಒಂದು ಮೇಜು ಬಂದಿತ್ತು. ಮೇಜಿನ ಹಿಂದೆ ಗ್ರಿಸೆಲ್ಡಾ ಎಂಬ ನಡುವಯಸ್ಸಿನ ಹೆಂಗಸು. ಅರ್ಧಕ್ಕೆ ಕಾಲೇಜು ಬಿಟ್ಟವರನ್ನು ಮತ್ತೆ ಸೇರಿಸುವುದು ಅವಳ ಕೆಲಸ. ಬೆಳಿಗ್ಗೆಯಿಂದ ಒಬ್ಬರೂ ಅವಳ ಮಾತು ಕೇಳಿರಲಿಲ್ಲ. ಬಿಟ್ಟಿ ಪೆನ್ನು ಮಾತ್ರ ಎಲ್ಲರೂ ತೆಗೆದುಕೊಂಡು ಹೋಗಿದ್ದರು.

ಲುಸೇರೊ ಮತ್ತು ಅವಳಮ್ಮ ಒಣಗಿದ ದುಪ್ಪಡಿಯ ಎರಡು ತುದಿ ಹಿಡಿದು ಮಡಚುತ್ತಿದ್ದಾಗ ಚೋನಾ ಬಂದಳು. ಚೋನಾಳ ಮಗಳು ಸುಲೇಮಾಗೆ ಜ್ಞಾನಸ್ನಾನದ ತಾಯಿಯಾಗಿ ನಿಂತವಳು ಎಲೋಡಿಯಾ. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಾರೆ, ಅಕ್ಕತಂಗಿಯರಿಗಿಂತ ಹೆಚ್ಚು ಬೈದಾಡುತ್ತಾರೆ. ಹತ್ತೊಂಬತ್ತರ ಸುಲೇಮಾ ಅಮ್ಮನ ಹಿಂದೆಯೇ ಬಂದು, ಮುಖ ಊದಿಸಿಕೊಂಡು ಖಾಲಿ ಮಷೀನಿಗೆ ಒರಗಿ ನಿಂತಳು.

"ಲಿಸೆನ್ಸಿಯಾದಾ, ಒಂದು ಫಾರಂ ತುಂಬಿಕೊಡು ತಾಯಿ," ಎಂದಳು ಚೋನಾ. "ಸುಲೇಮಾ ಕಾಲೇಜು ಬಿಡ್ತಿದಾಳೆ. ಶುಕ್ರವಾರದೊಳಗೆ ಕೊಡ್ಬೇಕಂತೆ."

"ಬಿಡ್ತಿದಾಳಾ? ಯಾಕೆ?"

"ಯಾಕಂತೆ! ಎರಡು ವರ್ಷ ಓದಿದ್ದಾಯ್ತು. ಕೆಮಿಸ್ಟ್ರಿಲಿ ಹೋಯ್ತು. ಇನ್ನೂ ಎರಡು ವರ್ಷ ಬಸ್ಸಲ್ಲಿ ಓಡಾಡಿ ಏನ್ ಕಡಿದು ಕಟ್ಟೆ ಹಾಕ್ಬೇಕು?" ಚೋನಾ ಬೆಂಚಿನ ಮೇಲೆ ಧೊಪ್ಪೆಂದು ಕೂತಳು. "ಬೇಜಾರು ಮಾಡ್ಕೋಬೇಡ ಲುಸೇರೊ, ನಿನ್ನನ್ನೇ ನೋಡಿ ಹೇಳ್ತಿದೀನಿ. ಪದವಿ ತಗೊಂಡೆ. ಫೋಟೊ ಹೊಡೆಸ್ಕೊಂಡೆ. ಆಡು ಕುಯ್ದು ಊರಿಗೆಲ್ಲ ಊಟ ಹಾಕಿದ್ರಿ, ನಾನೂ ಮೂರು ಸಲ ಬಡಿಸ್ಕೊಂಡು ತಿಂದೆ, ಸುಳ್ಳು ಯಾಕೆ ಹೇಳ್ಲಿ. ಆಮೇಲೆ? ಆ ಹಾಳು ಥಂಡಿಲಿ ಜಾಕೆಟ್ ಹಾಕ್ಕೊಂಡು ಪೆಟ್ಟಿಗೆಗೆ ಚೀಟಿ ಅಂಟಿಸ್ತೀಯ. ಪದವಿ ಆದೋಳೇ ಚೀಟಿ ಅಂಟಿಸೋದಾದ್ರೆ ನನ್ನ ಮಗಳು ಈಗ್ಲೇ ಹೋಗಿ ಅಂಟಿಸ್ಲಿ ಬಿಡು."

"ಕೊಮಾದ್ರೆ, ಬಾಯಿಗೆ ಬಂದಂಗೆ ಮಾತಾಡ್ಬೇಡ," ಎಂದಳು ಎಲೋಡಿಯಾ. "ನಮ್ಮವರಿಗೆ ಒಳ್ಳೆ ಕೆಲಸ ಕೊಡೋದಿಲ್ಲ ಅವ್ರು. ಅದಕ್ಕೆ ನನ್ನ ಮಗಳೇನ್ ಮಾಡ್ತಾಳೆ?"

"ನಾನೂ ಅದನ್ನೇ ತಾನೇ ಹೇಳಿದ್ದು! ಕೊಡೋದಿಲ್ಲ ಅಂದ್ಮೇಲೆ ಓದೋದ್ಯಾಕೆ?"

ಲುಸೇರೊ ಫಾರಂ ಬಿಡಿಸಿ ಮೊಣಕಾಲ ಮೇಲಿಟ್ಟುಕೊಂಡಳು. ಗ್ರಿಸೆಲ್ಡಾಳ ಮೇಜಿನ ಬಿಟ್ಟಿ ಪೆನ್ನಿನಿಂದಲೇ ಹೆಸರು ಬರೆದಳು. ಹುಟ್ಟಿದ ದಿನ ಬರೆದಳು. ವಿಳಾಸ ಬರೆದಳು. ಮುಂದಿನ ಸಾಲು ಕಾಲೇಜು ಬಿಡಲು ಕಾರಣವೇನು ಎಂದು ಕೇಳುತ್ತಿತ್ತು.

"ಕಾರಣ ಕೇಳ್ತಿದಾರೆ," ಎಂದಳು.

"ಏನಾದ್ರೂ ಬರಿಯಮ್ಮ," ಎಂದಳು ಚೋನಾ. ಸುಲೇಮಾ ತಲೆಯೆತ್ತದೆ, "ಲುಸೇರೊ ಬರಾಹಾಸ್ ಅಂತ ಬರಿ," ಎಂದಳು.

ಹುಡುಗಿ ಕೊಂಕಿಗೆ ಹೇಳಿದ್ದು. ಆದರೆ ಲುಸೇರೊಳ ಕೈ ಅಲ್ಲೇ ನಿಂತಿತು. ಆರು ವರ್ಷ ಆ ಸುಳ್ಳು ತನ್ನೊಬ್ಬಳನ್ನೇ ತಿನ್ನುತ್ತಿದೆ ಅಂದುಕೊಂಡಿದ್ದಳು. ತಿನ್ನಲಿ, ಅಭ್ಯಾಸವಾಗಿದೆ ಅಂದುಕೊಂಡಿದ್ದಳು. ಅದು ಗೋಡೆಯ ಫೋಟೊದಿಂದ ಇಳಿದು ಇನ್ನೊಂದು ಹುಡುಗಿಯ ಕೈಹಿಡಿದು ಕಾಲೇಜಿನಿಂದ ಮನೆಗೆ ಕರೆದುಕೊಂಡು ಹೊರಟಿದ್ದು ಅವಳಿಗೆ ಈಗ ಕಂಡಿತು. ಅವಳಿಗೆ ಅಳು ಬರಲಿಲ್ಲ. ವಿಪರೀತ ಸುಸ್ತಾಯಿತು.

"ಚೋನಮ್ಮ, ನನಗೆ ಪದವಿ ಆಗಿಲ್ಲ," ಎಂದಳು.

"ಏನಂದೆ?"

"ಆಗಿಲ್ಲ. ಎರಡು ವಿಷಯ ಬಾಕಿ ಇದೆ. ಅವತ್ತು ನಿಲುವಂಗಿ ಹಾಕ್ಕೊಂಡು ನಡೆದೆ ಅಷ್ಟೆ. ಆ ಹೊದಿಕೆ ಒಳಗೆ ಏನಿಲ್ಲ. ಹೋದ ವರ್ಷ ಶಾಲೇಲಿ ಒಂದು ಕೆಲಸ ಖಾಲಿ ಇತ್ತು. ನಮ್ಮ ಕಡೆ ತಾಯ್ತಂದೆಯರ ಜತೆ ಮಾತಾಡೋ ಕೆಲಸ. ನನಗೇ ಹೇಳಿ ಮಾಡಿಸಿದ್ದು. ಪದವಿ ಕಾಗದ ತನ್ನಿ ಅಂದ್ರು. ಎಲ್ಲಿಂದ ತರ್ಲಿ? ಎದ್ದು ಬಂದೆ. ಓದಿದ್ದಕ್ಕೆ ನಾನು ಚೀಟಿ ಅಂಟಿಸ್ತಿಲ್ಲ ಚೋನಮ್ಮ. ಮುಗಿಸದೇ ಇದ್ದಿದ್ದಕ್ಕೆ ಅಂಟಿಸ್ತಿದೀನಿ."

ಮಷೀನುಗಳು ತಿರುಗುತ್ತಲೇ ಇದ್ದವು. ಬೆಂಚಿನ ಹೆಂಗಸರು ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡರು. ಮೊದಲು ಬಾಯಿ ಬಿಟ್ಟವಳು ಸುಲೇಮಾ.

"ಆರು ವರ್ಷದಿಂದ ನಮ್ಮಮ್ಮ ನಿನ್ನ ಹೆಸರು ಹೇಳಿ ನನ್ನ ಬೈದಿದಾಳೆ ಕಣೇ! ಲುಸೇರೊನ ನೋಡು, ಲುಸೇರೊನ ನೋಡು ಅಂತ! ಅಷ್ಟು ಬೈಗುಳ ಸುಮ್ನೆ ತಿಂದ್ನಾ ನಾನು?"

ಎಲೋಡಿಯಾ ಅರ್ಧ ಮಡಚಿದ ದುಪ್ಪಡಿಯನ್ನು ಬುಟ್ಟಿಗೆ ತುರುಕಿ, ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ಹೊರಟೇಹೋದಳು. ಲುಸೇರೊ ಎದ್ದು ಹಿಂದೆ ಹೋಗಬೇಕೆನ್ನುವಷ್ಟರಲ್ಲಿ ಗ್ರಿಸೆಲ್ಡಾ ಬಂದು ಪಕ್ಕದಲ್ಲಿ ಕೂತಳು.

"ಎಷ್ಟು ಬಾಕಿ ಅಂದ್ರಿ?"

"ಎರಡು."

"ಎರಡೇನಾ? ಅಯ್ಯೋ ನನ್ನವ್ವ, ಇಪ್ಪತ್ತು ಬಾಕಿ ಇಟ್ಕೊಂಡು ಬರೋರಿದಾರೆ. ಪಾಸಾದ ವಿಷಯ ಎಲ್ಲೂ ಓಡಿಹೋಗಲ್ಲ. ನಿಮ್ಮ ಹೆಸರಲ್ಲೇ ಇರುತ್ತೆ."

"ಆರು ವರ್ಷ ಆಯ್ತಲ್ಲ ಮೇಡಂ."

"ಆಗ್ಲಿ. ಮೊದಲು ಕಾಲೇಜಿಗೆ ಫೋನ್ ಮಾಡಿ, ಮತ್ತೆ ಸೇರೋ ಅರ್ಜಿ ಹಾಕಿ. ನನಗಿನ್ನೂ ಏನೇನು ಬಾಕಿ ಅಂತ ಪಟ್ಟಿ ಕೇಳಿ, ಬರವಣಿಗೇಲೇ ತಗೊಳ್ಳಿ. ಕೆಲವು ಕಡೆ ನಿಯಮ ಬದಲಾಗಿರುತ್ತೆ, ಅದಕ್ಕೇ ಪಟ್ಟಿ ಬೇಕು. ಸಂಖ್ಯಾಶಾಸ್ತ್ರ ಇಲ್ಲೇ ಊರಿನ ಸಣ್ಣ ಕಾಲೇಜಲ್ಲಿ ಸಂಜೆ ಹೊತ್ತು ಮಾಡ್ಬಹುದು. ಆದ್ರೆ ಅದನ್ನ ನಿಮ್ಮ ಕಾಲೇಜು ಒಪ್ಪುತ್ತಾ ಅಂತ ಸೇರೋಕೆ ಮೊದಲೇ ಕೇಳ್ಕೊಳ್ಳಿ. ಆಮೇಲೆ ಕೇಳಿ ಬಾಯಿ ಬಡ್ಕೋಬೇಡಿ." ಅವಳು ಚೋನಾಳ ಕಡೆ ತಿರುಗಿದಳು. "ಅಕ್ಕಾ, ನಿಮ್ಮ ಮಗಳದ್ದೂ ಅಷ್ಟೆ. ಒಂದು ವಿಷಯ ಹೋದ್ರೆ ಕಾಲೇಜೇ ಬಿಡ್ಬೇಕಾಗಿಲ್ಲ. ಪಾಠ ಹೇಳಿಕೊಡೋರಿದಾರೆ. ಈ ಸಲ ಕಡಿಮೆ ವಿಷಯ ತಗೊಳ್ಳಬಹುದಾ ಅಂತ ಕೇಳ್ಬೋದು. ಬಿಡೋ ಕಾಗದಕ್ಕೆ ಸಹಿ ಹಾಕೋ ಮೊದಲು ಒಂದ್ಸಲ ಸಲಹೆಗಾರರ ಹತ್ರ ಕೂತು ಮಾತಾಡ್ಲಿ."

"ಹೇಳೋಕೇನಮ್ಮ, ಪೆನ್ನು ಹಂಚ್ಕೊಂಡು ಎಲ್ಲರೂ ಹೇಳ್ತಾರೆ," ಎಂದು ಗೊಣಗಿದಳು ಚೋನಾ. ಆದರೂ ಫಾರಂ ಕಿತ್ತುಕೊಂಡು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. "ಹರಿಯಲ್ಲ ನಾನು. ಇಲ್ಲೇ ಇರುತ್ತೆ. ನೆನಪಿರ್ಲಿ."

ಲುಸೇರೊ ಮನೆಗೆ ಬಂದಾಗ ಅಪ್ಪ ಕುರ್ಚಿಯಲ್ಲಿ ದಿಂಬಿಗೆ ಬೆನ್ನು ಕೊಟ್ಟು ಕೂತಿದ್ದ. ಅಮ್ಮ ಒಲೆಯ ಮುಂದೆ ನಿಂತು ಬೀನ್ಸಿನ ಪಾತ್ರೆ ತಿರುವುತ್ತಿದ್ದಳು. ಬೀನ್ಸಿಗೆ ಅಷ್ಟು ತಿರುವುವ ಅಗತ್ಯವಿರಲಿಲ್ಲ.

"ಅಮ್ಮ, ಬೈಯೋದಿದ್ರೆ ಬೈದುಬಿಡು."

ಎಲೋಡಿಯಾ ಒಲೆ ಆರಿಸಿದಳು. ಹೋಗಿ ಮಾತೆಯ ಕಾಲ ಬುಡದಿಂದ ಆ ರಟ್ಟಿನ ಹೊದಿಕೆ ತಂದು ಮೇಜಿನ ಮೇಲಿಟ್ಟು ತೆರೆದಳು.

"ಇದು ಖಾಲಿ ಅಂತ ನನಗೆ ಗೊತ್ತಿತ್ತು," ಎಂದಳು.

"ಯಾವಾಗಿಂದ?"

"ಎರಡನೇ ವಾರದಿಂದ. ಧೂಳು ಒರೆಸ್ತಾ ತೆಗೆದೆ. ಟಪಾಲಲ್ಲಿ ಬರುತ್ತೇನೋ ಅಂತ ಕಾದೆ. ಬರ್ಲಿಲ್ಲ. ಕೇಳೋಕೆ ಹೆದರಿಕೆ ಆಯ್ತು ಮಗಳೇ. ನಾನೇ ಅಲ್ವಾ ನಿನ್ನ ಆಸ್ಪತ್ರೆಗೆ ಎಳ್ಕೊಂಡು ಹೋಗಿದ್ದು? ಮೂರು ಗಂಟೆ ತರಗತಿ ತಾನೇ, ಮಿಕ್ಕಿದ್ದು ಬಿಡುವೇ ಅಲ್ವಾ ಅಂದಿದ್ದು ನಾನೇ. ಕೇಳಿದ್ರೆ, ಹೌದಮ್ಮ, ನಿನ್ನಿಂದಲೇ ಅಂತ ಎಲ್ಲಿ ಹೇಳಿಬಿಡ್ತೀಯೋ ಅಂತ..."

ಅವಳು ಒಲೆಯ ಕಡೆ ತಿರುಗಿ ಮತ್ತೆ ಸೌಟು ಹಿಡಿದಳು. ಇದನ್ನು ಏನೆಂದು ಹೇಳುವುದು ಹೇಳಿ. ಒಂದೇ ಮನೆ, ಒಂದೇ ಒಲೆ. ಒಂದೇ ಗುಟ್ಟನ್ನು ತಾಯಿ ಮಗಳು ಬೇರೆ ಬೇರೆಯಾಗಿ ಆರು ವರ್ಷ ಹೊತ್ತು ದಣಿದಿದ್ದರು. ಲುಸೇರೊ ಅಮ್ಮನ ಕೈಯಿಂದ ಸೌಟು ತೆಗೆದು ಬದಿಗಿಟ್ಟು ಅವಳನ್ನು ತಬ್ಬಿಕೊಂಡಳು.

ನಬೋರ್ ಮಾತ್ರ ಬೇಡವೆಂದು ತಲೆಯಾಡಿಸಿದ. "ಆಗಿದ್ದಾಯ್ತು ಬಿಡಿ. ಇಪ್ಪತ್ತೆಂಟಕ್ಕೆ ಹೋಗಿ ಚಿಕ್ಕ ಮಕ್ಕಳ ಜತೆ ಕೂರ್ತಾಳಾ? ದಿನಾ ದುಡಿದು ಬಂದು ಓದೋಕೆ ಕಸುವೆಲ್ಲಿದೆ ಇವಳ ಮೈಯಲ್ಲಿ? ನೋಡು, ನಿಂತಲ್ಲೇ ತೂಗ್ತಿದಾಳೆ."

"ಕಸುವಿಲ್ಲ ಅಪ್ಪ," ಎಂದಳು ಲುಸೇರೊ. "ಓದದೇ ಇದ್ರೂ ಇಲ್ಲ. ಅಷ್ಟೇ ಸುಸ್ತು. ಸುಸ್ತಾಗೋದೇ ಆದ್ರೆ ಮುಗಿಸಿಯೇ ಸುಸ್ತಾಗ್ತೀನಿ."

ಅಪ್ಪ ಗೋಡೆಯ ಫೋಟೊ ಕಡೆ ತಿರುಗಿದ. "ನನ್ನ ಡಾಕ್ಟರ ಹತ್ರ ಯಾರು ಬರ್ತಾರೆ ಹಾಗಾದ್ರೆ?" ಎಂದು ಮೆಲ್ಲಗೆ ಕೇಳಿದ. ನಿಜವಾದ ಭಯ ಅದು.

"ನಾನು ಬರ್ತೀನಿ," ಎಂದಳು ಎಲೋಡಿಯಾ.

"ನಿನಗೆಲ್ಲಿ ಬರುತ್ತೆ ಇಂಗ್ಲಿಷು?"

"ಆಸ್ಪತ್ರೆಯವರೇ ಭಾಷೆ ಬಲ್ಲವರನ್ನ ಕೊಡ್ತಾರಂತೆ, ಬಿಟ್ಟಿ. ಅಂಗಡಿ ಬೆಂಚಿನ ಮೇಲೆ ಮಾತಾಡ್ಕೊಳ್ತಿದ್ರು. ಇಷ್ಟು ವರ್ಷ ನಾವು ಕೇಳ್ಲೇ ಇಲ್ಲ. ಮನೇಲಿ ಮಗಳಿದಾಳಲ್ಲ ಅಂತ."

ಲುಸೇರೊ ಕಾಲುಚೀಲಗಳ ಅಡಿಯಿಂದ ಆರು ಲಕೋಟೆಗಳನ್ನು ತಂದು ಒಂದೊಂದಾಗಿ ಒಡೆದಳು. ಆರರಲ್ಲೂ ಹೆಚ್ಚುಕಡಿಮೆ ಒಂದೇ ಮಾತು ಇತ್ತು. ನಿಮಗೆ ಸ್ವಲ್ಪವೇ ಬಾಕಿ ಇದೆ, ಬಂದು ಮಾತಾಡಿ. ಅಷ್ಟೇ. ಬೈಗುಳ ಇರಲಿಲ್ಲ, ಅವಮಾನ ಇರಲಿಲ್ಲ. ಮೊದಲನೆಯದನ್ನೇ ಒಡೆದಿದ್ದರೆ ಎಂದು ಅವಳು ಹಣೆ ಚಚ್ಚಿಕೊಂಡಳು.

ಮುಂದಿನದು ಹೂವಿನ ಹಾದಿಯೇನಲ್ಲ. ಅರ್ಜಿ ಹಾಕಿ, ಪಟ್ಟಿ ತರಿಸಿಕೊಂಡು, ಮಂಗಳವಾರ ಗುರುವಾರ ಸಂಜೆ ಸಂಖ್ಯಾಶಾಸ್ತ್ರಕ್ಕೆ ಹೋದಳು. ಥಂಡಿಯಲ್ಲಿ ಮರಗಟ್ಟಿದ ಬೆರಳಿಗೆ ಪೆನ್ನು ಸಿಕ್ಕುತ್ತಿರಲಿಲ್ಲ. ಮೊದಲ ಪರೀಕ್ಷೆಯಲ್ಲಿ ಹೋಯಿತು. ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ಸಲ ನಿಲ್ದಾಣ ದಾಟಿಹೋದಳು. ಸಾಕಪ್ಪಾ ಸಾಕು ಎಂದು ಚೀಲ ಬಿಸಾಡಿದ ಸಂಜೆಯೂ ಇತ್ತು. ಆಗ ಮನೆಗೆ ಬಂದು ಆ ಚೀಲ ಎತ್ತಿಕೊಟ್ಟವಳು ಸುಲೇಮಾ. ಅವಳು ಕಡಿಮೆ ವಿಷಯ ತೆಗೆದುಕೊಂಡು ಕಾಲೇಜಿನಲ್ಲೇ ಉಳಿದಿದ್ದಳು. "ನೀನು ಬಿಟ್ರೆ ನಮ್ಮಮ್ಮ ಆ ಫಾರಂ ಆಚೆ ತೆಗೀತಾಳೆ. ಏಳೇ," ಎಂದಳು.

ಓದುವ ದಿನಗಳಲ್ಲಿ ಎಲೋಡಿಯಾ ಬಾಗಿಲ ಮೆಟ್ಟಿಲ ಮೇಲೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಯಾರಾದರೂ ಕಾಗದ ಹಿಡಿದು, "ಲಿಸೆನ್ಸಿಯಾದಾ ಇದಾಳಾ?" ಎಂದರೆ ಕೈ ಅಡ್ಡ ಹಿಡಿಯುತ್ತಿದ್ದಳು.

"ಲಿಸೆನ್ಸಿಯಾದಾ ಇನ್ನೂ ಆಗಿಲ್ಲ. ಒಳಗೆ ಲುಸೇರೊ ಇದಾಳೆ, ಓದ್ತಿದಾಳೆ. ಶನಿವಾರ ಬನ್ನಿ."

ಹಾಗೆ ಊರೆದುರು ಹೇಳಲು ಆ ತಾಯಿಗೆ ಎಷ್ಟು ಕಷ್ಟವಾಯಿತೋ ಅವಳಿಗೇ ಗೊತ್ತು. ಆದರೂ ಹೇಳಿದಳು, ಪ್ರತಿ ಸಲವೂ ಹೇಳಿದಳು.

ಚಳಿಗಾಲದ ಹೊತ್ತಿಗೆ ಸಂಖ್ಯಾಶಾಸ್ತ್ರ ಪಾಸಾಯಿತು, ವಸಂತದಲ್ಲಿ ಜೀವಶಾಸ್ತ್ರವೂ ಮುಗಿಯಿತು. ಜುಲೈ ತಿಂಗಳ ಒಂದು ಮಧ್ಯಾಹ್ನ ಟಪಾಲಿನಲ್ಲಿ ಗಟ್ಟಿ ರಟ್ಟಿನ ಲಕೋಟೆ ಬಂತು. ಲುಸೇರೊ ಅದನ್ನು ಒಡೆಯದೆ ಅಮ್ಮನ ಮುಂದೆ ಚಾಚಿದಳು.

"ನೀನೇ ಒಡಿ ಅಮ್ಮ."

ಎಲೋಡಿಯಾ ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಬಂದು ಒಡೆದಳು. ಇಂಗ್ಲಿಷ್ ಓದಲು ಬಾರದಿದ್ದರೂ ಮಗಳ ಹೆಸರು ಎಲ್ಲಿದೆ ಎಂದು ಗೊತ್ತಾಯಿತು. ಅದರ ಮೇಲೆ ಬೆರಳು ಆಡಿಸಿದಳು. ಆಮೇಲೆ ಖಾಲಿ ಹೊದಿಕೆ ತಂದು ಕಾಗದವನ್ನು ಅದರೊಳಗೆ ಸೇರಿಸಿ, ಮಾತೆಯ ಕಾಲ ಬುಡದಲ್ಲಿ ಇಟ್ಟಳು. ಈ ಸಲ ತೆರೆದೇ ಇಟ್ಟಳು.

"ಮತ್ತೆ ಆಡು ಕುಯ್ಬೇಕಾ?" ಎಂದ ನಬೋರ್.

"ಬೇಡ. ಆ ಊಟ ಸಾಲವಾಗಿತ್ತು, ಇವತ್ತು ತೀರಿತು," ಎಂದಳು ಎಲೋಡಿಯಾ. ಬಾಗಿಲಲ್ಲಿ ನಿಂತಿದ್ದ ಚೋನಾ ಅದನ್ನು ಒಪ್ಪಲಿಲ್ಲ. ಒಳಗೆ ಬಂದು ಒಲೆ ಹಚ್ಚಿ, ಚೀಲದಿಂದ ನಾಲ್ಕು ಮಡಿಕೆಯ ಹಳೇ ಫಾರಂ ತೆಗೆದು ಅದಕ್ಕೆ ಹಾಕಿ, "ಈಗ ಬೆಂಕಿ ಹತ್ತಿದೆ. ಏನಾದ್ರೂ ಬೇಯಿಸು ಕೊಮಾದ್ರೆ, ಹಸಿವಾಗ್ತಿದೆ," ಎಂದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಒಬ್ಬರು ಕೊನೆಯ ಮೆಟ್ಟಿಲಲ್ಲಿ ನಿಂತುಬಿಟ್ಟಿರಬಹುದು. ಒಂದು ವಿಷಯವೋ, ಎರಡೋ, ಒಂದು ವರ್ಷವೋ. ಅವರು ಹೇಳುತ್ತಿಲ್ಲ, ನೀವು ಕೇಳುತ್ತಿಲ್ಲ. ಇವತ್ತು ಊಟಕ್ಕೆ ಕೂತಾಗ ಕೇಳಿ, ಬೈಯದೆ ಕೇಳಿ. ಕಾಲೇಜಿಗೆ ಒಂದು ಫೋನ್ ಮಾಡಿಸಿ, ಏನು ಬಾಕಿ ಎಂದು ಪಟ್ಟಿ ತರಿಸಿ. ಓದುವ ಮಗಳನ್ನು ಆಸ್ಪತ್ರೆಗೂ ಆಫೀಸಿಗೂ ಎಳೆಯುವ ಮೊದಲು ಅಲ್ಲಿಯವರನ್ನೇ ಸಹಾಯ ಕೇಳಿ. ಇನ್ನು ಬಾಕಿ ಇಟ್ಟುಕೊಂಡವರು ನೀವೇ ಆಗಿದ್ದರೆ, ನೀವು ದಣಿದಿದ್ದೀರಿ, ನಮಗೆ ಗೊತ್ತು. ಇವತ್ತೇ ಎಲ್ಲ ಮುಗಿಸಿ ಎನ್ನುವುದಿಲ್ಲ. ಬಟ್ಟೆಗಳ ಅಡಿಯಲ್ಲಿ ಇಟ್ಟಿದ್ದೀರಲ್ಲ, ಆ ಲಕೋಟೆಯನ್ನು ಇವತ್ತು ಒಡೆಯಿರಿ.